ದೇವಚಿತ್ತಕ್ಕೆ ಒಪ್ಪಿಸಿಕೊಡುವುದು ಹೇಗೆ: ಗೆತ್ಸೇಮನೆಯ ಕ್ರಮದಲ್ಲಿ ಏಳು ಹಂತಗಳು

“ನಿನ್ನ ಚಿತ್ತದಂತೆಯೇ ಆಗಲಿ” ಎಂದು ಪ್ರಾರ್ಥಿಸಿ ಎದ್ದು ಇನ್ನೂ ಒಂದು ಲೋಟ ಚಹಾ ಕುಡಿದಿರುವುದಿಲ್ಲ, ಅದೇ ಚಿಂತೆ ಮತ್ತೆ ಹೆಗಲೇರಿ ಕುಳಿತಿರುತ್ತದೆ. ವಾರ ಕಳೆಯುವಷ್ಟರಲ್ಲಿ ದೇವರ ಮೇಲೆ ಒಳಗೊಳಗೇ ಮುನಿಸು. ತಿಂಗಳಾಗುವಷ್ಟರಲ್ಲಿ ತನ್ನಲ್ಲಿ ವಿಶ್ವಾಸವೇ ಇಲ್ಲವೇನೋ ಎಂಬ ಅಳುಕು. ಪ್ರಾರ್ಥನಾ ಕೂಟಗಳಲ್ಲಿ ಹೀಗೆ ಹೇಳಿಕೊಳ್ಳುವವರ ಜೊತೆ ಹಲವು ವರ್ಷ ಕುಳಿತ ಮೇಲೆ, ಬಹುಪಾಲು ಜನ ಎಡವುವುದು ಕ್ರಮದಲ್ಲಿ ಎಂಬುದು ನನಗೆ ಖಚಿತವಾಗಿದೆ. ಕೊನೆಯಲ್ಲಿ ಹೇಳಬೇಕಾದ ಮಾತನ್ನು ಅವರು ಮೊದಲಿಗೇ ಹೇಳಿ ಮುಗಿಸಿಬಿಡುತ್ತಾರೆ.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಆ ಮಾತಿಗೆ ಬರುವ ಮೊದಲು ಏನೇನು ಮಾಡಿದರು ಎಂಬುದನ್ನು ಮತ್ತಾಯ 26ನೆಯ ಅಧ್ಯಾಯದ 36ರಿಂದ 46ನೆಯ ವಚನಗಳಲ್ಲಿ ನಿಧಾನವಾಗಿ ಓದಿ. ಮೂವರು ಶಿಷ್ಯರನ್ನು ಜೊತೆಗೆ ಕರೆದುಕೊಂಡರು. ತಮ್ಮ ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಅವರ ಮುಂದೆ ಬಾಯಿಬಿಟ್ಟು ಹೇಳಿದರು. ಸ್ವಲ್ಪ ಮುಂದೆ ಹೋಗಿ ಬೋರಲು ಬಿದ್ದು, ಸಾಧ್ಯವಿದ್ದರೆ ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ತಮ್ಮನ್ನು ಬಿಟ್ಟು ಹೋಗಲಿ ಎಂದು ನೇರವಾಗಿ ಬೇಡಿದರು. ಅದಾದ ಮೇಲೆ ಬಂದದ್ದು, ಆದರೂ ನಿನ್ನ ಚಿತ್ತದಂತೆ ಆಗಲಿ ಎಂಬ ಮಾತು. ಅದನ್ನೂ ಒಂದೇ ಸಲ ಹೇಳಿ ಬಿಡಲಿಲ್ಲ. ಮೂರು ಸಲ ಹೋಗಿ ಬಂದರು. ಕೊನೆಗೆ ಎದ್ದು ನಡೆದರು. ಈ ಬರಹದ ಹಂತಗಳು ಇದೇ ಕ್ರಮವನ್ನು ಹಿಡಿದಿವೆ, ಮತ್ತು ಕ್ರಮವನ್ನು ಬದಲಿಸಬೇಡಿ ಎಂಬುದೇ ಇಲ್ಲಿನ ಮುಖ್ಯ ಸೂಚನೆ.

ಉದಾಹರಣೆಗಾಗಿ ಒಬ್ಬ ನರ್ಸ್ ಇದ್ದಾರೆಂದು ಇಟ್ಟುಕೊಳ್ಳೋಣ. ಹಾಸನದ ಕಡೆಯವರು, ಕುವೈತಿನ ಆಸ್ಪತ್ರೆಯೊಂದರಿಂದ ಕೆಲಸದ ಕರೆ ಬಂದಿದೆ, ಮನೆಯಲ್ಲಿ ಸಾಲವಿದೆ, ಮಂಡಿನೋವಿನಿಂದ ನಡೆಯಲಾಗದ ತಾಯಿಯೂ ಇದ್ದಾರೆ. ಹೋಗಬೇಕೇ, ಉಳಿಯಬೇಕೇ? ನಮ್ಮ ಸಭೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಪ್ರಾರ್ಥನಾ ವಿಷಯ ಬಹಳ ಇಲ್ಲ.

ಕೂರುವ ಮೊದಲು ಬೇಕಾದವು

ಸತ್ಯವೇದ (ಬೈಬಲ್), ಒಂದು ನೋಟ್‌ಬುಕ್, ಪೆನ್ನು, ದಿನಾಂಕ ಗುರುತು ಹಾಕಲು ಒಂದು ಕ್ಯಾಲೆಂಡರ್. ಫೋನಿನಲ್ಲಿ ಬರೆದುಕೊಳ್ಳುತ್ತೇನೆ ಎನ್ನುವವರನ್ನು ನಾನು ತಡೆಯುತ್ತೇನೆ. ಬರೆಯುತ್ತಿರುವಾಗಲೇ ಏಜೆನ್ಸಿಯವರ ಸಂದೇಶ ಬಂದರೆ ಪ್ರಾರ್ಥನೆ ಅಲ್ಲಿಗೆ ಮುಗಿಯಿತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಒಂದೇ ಹೊತ್ತಿನಲ್ಲಿ ಇರಲಿ.

ಇವುಗಳ ಜೊತೆಗೆ ಇಬ್ಬರು ಮನುಷ್ಯರು ಬೇಕು. ಒಬ್ಬರು ನಿಮ್ಮ ಮನೆಯ ಪರಿಸ್ಥಿತಿಯನ್ನು ಬಲ್ಲವರಾಗಿರಲಿ. ಇನ್ನೊಬ್ಬರು ನಿಮ್ಮ ಮುಖ ನೋಡಿ “ಇದು ಬೇಡ” ಎಂದು ಹೇಳುವ ಧೈರ್ಯವುಳ್ಳವರಾಗಿರಲಿ. ಸಭೆಯ ವಾಟ್ಸಾಪ್ ಗುಂಪಿಗೆ “ಒಂದು ವಿಷಯಕ್ಕಾಗಿ ಪ್ರಾರ್ಥಿಸಿ” ಎಂದು ಹಾಕುವುದರಿಂದ ನೂರು ಕೈಮುಗಿದ ಚಿತ್ರಗಳು ಬರುತ್ತವೆಯೇ ಹೊರತು ಈ ಇಬ್ಬರ ಕೆಲಸ ನಡೆಯುವುದಿಲ್ಲ. ಗೆತ್ಸೇಮನೆಗೆ ಬಂದ ಹನ್ನೊಂದು ಶಿಷ್ಯರಲ್ಲಿ ಒಳಗಿನವರೆಗೆ ಕರೆದದ್ದು ಮೂವರನ್ನು ಮಾತ್ರ.

ಇನ್ನೊಂದು ಸಿದ್ಧತೆಯನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ: ಊಟ ಮತ್ತು ನಿದ್ದೆ. ಸಾಯುವುದೇ ಮೇಲು ಎಂದು ಜಾಲಿಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎದ್ದು ಊಟಮಾಡು ಎಂದನು, ಅದೂ ಎರಡು ಸಲ. ಮೂರು ರಾತ್ರಿ ನಿದ್ದೆಗೆಟ್ಟವರು ದೊಡ್ಡ ವಿಷಯವನ್ನು ಒಪ್ಪಿಸಿಕೊಡಲು ಕೂರಬಾರದು. ಮೊದಲು ಮಲಗಿ.

ಹಂತ 1: ವಿಷಯ ಯಾವ ಬಗೆಯದು ಎಂದು ಗುರುತಿಸಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದು, ಅದು ಆಜ್ಞೆಯೋ, ಆಯ್ಕೆಯೋ, ಆಗಿಹೋದದ್ದೋ ಎಂದು ಪಕ್ಕದಲ್ಲಿ ಗುರುತಿಸಿ. ಮುಂದಿನ ದಾರಿ ಈ ಮೂರಕ್ಕೂ ಬೇರೆ ಬೇರೆ.

ಆಜ್ಞೆ ಎಂದರೆ ದೇವರು ಈಗಾಗಲೇ ಹೇಳಿ ಮುಗಿಸಿರುವುದು. ಸುಳ್ಳು ಹೇಳಬಾರದು, ಕೂಲಿಯವನ ಕೂಲಿ ಹಿಡಿದಿಡಬಾರದು, ವ್ಯಭಿಚಾರ ಬೇಡ, ಕ್ಷಮಿಸಬೇಕು. ಇಲ್ಲಿ “ಕರ್ತನ ಚಿತ್ತವೇನೆಂದು ಪ್ರಾರ್ಥಿಸುತ್ತಿದ್ದೇನೆ” ಎನ್ನುವುದು ಕಾಲ ತಳ್ಳುವ ಉಪಾಯ. ಅಪ್ಪ ಉಯಿಲು ಬರೆಯದೆ ತೀರಿಹೋದ ಮನೆಗಳಲ್ಲಿ ಅಕ್ಕತಂಗಿಯರ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಪ್ರಾರ್ಥಿಸುವುದನ್ನು ಕಂಡಿದ್ದೇನೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅಂಥ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲನ್ನೇ ಕೊಡುತ್ತದೆ. ನ್ಯಾಯವನ್ನು ಆಚರಿಸಬೇಕು ಎಂದು ಮೀಕನ ಪುಸ್ತಕದ 6ನೆಯ ಅಧ್ಯಾಯವೂ ಹೇಳಿಯಾಗಿದೆ. ಇನ್ನು ಪ್ರಾರ್ಥಿಸಬೇಕಾದದ್ದು ಸಹಿ ಹಾಕುವ ಮನಸ್ಸಿಗಾಗಿ. ವಿಷಯ ಈ ಬಗೆಯದಾದರೆ ನೇರವಾಗಿ ಎರಡನೆಯ ಹಂತಕ್ಕೆ ಹೋಗಿ, ಅಲ್ಲಿಂದ ಏಳನೆಯದಕ್ಕೆ ಹಾರಿ.

ಆಯ್ಕೆ ಎಂದರೆ ಎರಡು ದಾರಿಗಳೂ ಪಾಪವಲ್ಲದ ಸಂಗತಿ. ನಮ್ಮ ನರ್ಸಿನ ಪ್ರಶ್ನೆ ಈ ಬಗೆಯದು. ಅವರಿಗೆ ಏಳು ಹಂತಗಳೂ ಬೇಕು.

ಆಗಿಹೋದದ್ದು ಎಂದರೆ ಸಾವು, ತಿರುಗಿ ಬಾರದ ನಷ್ಟ, ಮುರಿದುಹೋದ ನಿಶ್ಚಿತಾರ್ಥ, ವಾಸಿಯಾಗದು ಎಂದು ವೈದ್ಯರು ಹೇಳಿಬಿಟ್ಟ ಕಾಯಿಲೆ. ಇಲ್ಲಿ ಆರಿಸಲು ಏನೂ ಉಳಿದಿಲ್ಲ. ಐದನೆಯ ಹಂತ ಬೇಕಾಗಿಲ್ಲ. ಮೂರನೆಯ ಮತ್ತು ಆರನೆಯ ಹಂತಗಳಲ್ಲಿ ಬಹುಕಾಲ ಇರಬೇಕಾಗುತ್ತದೆ.

ಈ ಮೂರನೆಯ ಬಗೆಯಲ್ಲಿ ಒಂದು ತಪ್ಪು ನಮ್ಮ ನೆಲದಲ್ಲೇ ಬೇರುಬಿಟ್ಟಿದೆ. ಅಜ್ಜಿಯರು “ಹಣೆಬರಹ” ಎನ್ನುತ್ತಿದ್ದ ಜಾಗದಲ್ಲಿ ನಾವು “ದೇವರ ಚಿತ್ತ” ಎಂಬ ಪದವನ್ನು ಇಟ್ಟು, ಒಳಗಿನ ಅರ್ಥವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಹಣೆಬರಹದ ಜೊತೆ ಮಾತಾಡಲಾಗದು, ಅದು ಬರೆದಾಗಿದೆ. ತಂದೆಯ ಜೊತೆ ಮಾತಾಡಬಹುದು, ಬೇಡಬಹುದು, ಜಗಳವನ್ನೂ ಆಡಬಹುದು. ಸಾವಿನ ಮನೆಗೆ ಹೋದವರು ಬಾಗಿಲಲ್ಲೇ ನಿಂತು “ದೇವರ ಚಿತ್ತ, ಏನು ಮಾಡುವುದು” ಎಂದಾಗ ಅಲ್ಲಿ ಮಾತಾಡುವುದು ಹಣೆಬರಹವೇ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಹಾಗೆ ಹೇಳದೆ ಕಣ್ಣೀರು ಬಿಟ್ಟರು.

ತಡೆಗೋಡೆ: ಒಪ್ಪಿಸಿಕೊಡುವ ವಿಷಯವೇ ಅಲ್ಲದವು

ಕೆಲವು ಸಂಗತಿಗಳನ್ನು ಈ ಕ್ರಮಕ್ಕೆ ತರಲೇಬಾರದು. ಗಂಡನ ಹೊಡೆತ ಅವುಗಳಲ್ಲಿ ಮೊದಲನೆಯದು. “ಇದು ನಿನ್ನ ಶಿಲುಬೆ, ಹೊರು” ಎಂದು ಯಾರಾದರೂ ಹೇಳಿದರೆ, ಹೇಳಿದವರು ಸಭೆಯ ಹಿರಿಯರೇ ಆಗಿದ್ದರೂ, ಆ ಮಾತನ್ನು ಕೇಳಬೇಡಿ. ರಾಜ ಸೌಲನು ಈಟಿ ಎಸೆದಾಗ ದಾವೀದನು ತಪ್ಪಿಸಿಕೊಂಡು ಓಡಿದನು. ದಮಸ್ಕದಲ್ಲಿ ಅಪೊಸ್ತಲ ಪೌಲನು ಗೋಡೆಯ ಮೇಲಿಂದ ಬುಟ್ಟಿಯಲ್ಲಿ ಇಳಿದು ಪಾರಾದನು. ಅವರನ್ನು ಯಾರೂ ಅವಿಧೇಯರೆಂದು ಕರೆಯಲಿಲ್ಲ. ಅಪಾಯದಲ್ಲಿರುವವರು 112ಕ್ಕೆ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣೆ ನಿಮಗಿದೆ.

ಎರಡನೆಯದು ಔಷಧಿ ನಿಲ್ಲಿಸುವುದು. ಕಾಯಿಲೆಬಿದ್ದ ರಾಜ ಹಿಜ್ಕೀಯನು ಗುಣವಾಗುವನೆಂದು ದೇವರೇ ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟು “ಒಪ್ಪಿಸಿಕೊಟ್ಟೆ” ಎನ್ನುವುದಕ್ಕೆ ಸತ್ಯವೇದದ ಆಧಾರವಿಲ್ಲ. ಮೂರನೆಯದು, ನಿಮ್ಮ ಮದುವೆ, ಹಣ, ಮನೆಯ ಪತ್ರಗಳ ವಿಷಯದಲ್ಲಿ ಒಬ್ಬ ಮನುಷ್ಯನ ಮಾತೇ ದೇವರ ಮಾತೆಂದು ಹೇಳಿಕೊಳ್ಳುವವರಿಗೆ ತಲೆಬಾಗುವುದು. ಒಪ್ಪಿಸಿಕೊಡುವುದು ದೇವರಿಗೆ, ದೇವರ ಹೆಸರು ಹೇಳಿಕೊಂಡು ಬಂದವರಿಗೆಲ್ಲ ಅಲ್ಲ.

ಹಂತ 2: ತಿಳಿದಿರುವುದನ್ನು ಮೊದಲು ಮಾಡಿ

ಮರೆಯಾಗಿರುವ ಸಂಗತಿಗಳು ದೇವರವು, ಪ್ರಕಟವಾಗಿರುವವು ನಮ್ಮವು ಎಂದು ಧರ್ಮೋಪದೇಶಕಾಂಡ 29:29 ಗಡಿ ಹಾಕುತ್ತದೆ. ನಮ್ಮದನ್ನು ಹಾಗೇ ಬಿಟ್ಟು ದೇವರದನ್ನು ಕೆದಕುವುದು ಈ ಹಂತದ ತಪ್ಪು.

ಮಾಡಬೇಕಾದದ್ದು ಸರಳ. ಎರಡನೆಯ ಪುಟದಲ್ಲಿ, ಈ ವಿಷಯಕ್ಕೆ ಸಂಬಂಧಪಟ್ಟಂತೆ ದೇವರು ಬಯಸುವುದು ಏನೆಂದು ನಿಮಗೆ ಅನುಮಾನವೇ ಇಲ್ಲದ ಎರಡು ಮೂರು ಸಂಗತಿಗಳನ್ನು ಬರೆಯಿರಿ. ನರ್ಸಿನ ಪುಟದಲ್ಲಿ ಹೀಗಿರಬಹುದು: ಅನುಭವದ ಸರ್ಟಿಫಿಕೇಟಿನಲ್ಲಿ ಇಲ್ಲದ ಆರು ತಿಂಗಳನ್ನು ಸೇರಿಸಬಾರದು, ಸಾಲ ಕೊಟ್ಟವರಿಗೆ ಎಂದು ತೀರಿಸುವೆನೆಂದು ನಿಜ ಹೇಳಬೇಕು, ತಾಯಿಯಿಂದ ವಿಷಯ ಮುಚ್ಚಿಡಬಾರದು. ಇವನ್ನು ಈ ವಾರದಲ್ಲೇ ಮಾಡಿ ಮುಗಿಸಬೇಕು. ಎಷ್ಟೋ ಸಲ ಇಷ್ಟರಲ್ಲೇ ದಾರಿ ಅರ್ಧ ಕಾಣುತ್ತದೆ. ಸುಳ್ಳು ಸರ್ಟಿಫಿಕೇಟ್ ಇಲ್ಲದೆ ಆ ಕೆಲಸವೇ ಸಿಗದೆಂದಾದರೆ ಉತ್ತರ ಬಂದಂತೆಯೇ.

ಹಂತ 3: ಬೇಕಾದದ್ದನ್ನು ಹೆಸರು ಹಿಡಿದು ಕೇಳಿ

ಹೆಚ್ಚಿನವರು ಸೋಲುವುದು ಇಲ್ಲಿ, ಅದಕ್ಕಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಭಕ್ತರಾದವರು ತಮ್ಮ ಆಸೆಯನ್ನು ದೇವರ ಮುಂದೆ ಇಡಬಾರದು, ಅದು ಸ್ವಾರ್ಥ ಎಂಬ ಭಾವನೆ ನಮ್ಮಲ್ಲಿದೆ. ಹಾಗಾಗಿ “ಕರ್ತನೇ, ನಿನಗೆ ಎಲ್ಲವೂ ಗೊತ್ತು, ನಿನ್ನ ಇಷ್ಟ” ಎಂದು ಮುಗಿಸುತ್ತೇವೆ. ಕೇಳುವವರಿಗೆ ಇದು ದೀನತೆಯಂತೆ ಕಾಣುತ್ತದೆ. ಆದರೆ ಕೈಯಲ್ಲಿ ಏನಿದೆಯೆಂದು ನೋಡಿಕೊಳ್ಳದೆ ಕೈ ಚಾಚಿದಂತಾಯಿತು, ಕೊಟ್ಟದ್ದಾದರೂ ಏನು? ಮನೆಗೆ ಬಂದು ನೋಡಿದರೆ ಆಸೆ ಎಲ್ಲಿತ್ತೋ ಅಲ್ಲೇ ಇರುತ್ತದೆ.

ದೇವರ ಮಗನೇ ಈ ಪಾತ್ರೆ ಬೇಡ ಎಂದು ಕೇಳಿದ ಮೇಲೆ, ಕೇಳುವುದು ಅವಿಶ್ವಾಸ ಎನ್ನಲು ನಮಗೆ ಬಾಯಿಯಿಲ್ಲ. ಮೂರನೆಯ ಪುಟದಲ್ಲಿ “ತಂದೆಯೇ, ನನಗೆ ಬೇಕಾದದ್ದು” ಎಂದು ಶುರುಮಾಡಿ ಬರೆಯಿರಿ. ಒಳ್ಳೆಯ ಕಾರಣಗಳನ್ನು ಮಾತ್ರ ಬರೆದು ನಿಲ್ಲಿಸಬೇಡಿ. ಸಾಲ ತೀರಿಸಬೇಕು ಎಂಬುದು ನಿಜವಿರಬಹುದು. ಅದರ ಕೆಳಗೆ, ಅತ್ತಿಗೆಯ ಮಾತಿನಿಂದ ದೂರ ಹೋಗಬೇಕು ಎಂಬುದೂ, ಜೊತೆಗೆ ಓದಿದವರೆಲ್ಲ ಕಾರು ಕೊಂಡಿದ್ದಾರೆ ಎಂಬುದೂ ನಿಜವಿರಬಹುದು. ಅದನ್ನೂ ಬರೆಯಿರಿ. ಮೊದಲ ದಿನ ಬರೆದದ್ದು ಸಾಮಾನ್ಯವಾಗಿ ಸಭೆಯಲ್ಲಿ ಎದ್ದು ನಿಂತು ಓದಬಹುದಾದಷ್ಟು ಚೆನ್ನಾಗಿರುತ್ತದೆ. ಮೂರನೆಯ ದಿನ, ಯಾರಿಗೂ ತೋರಿಸಲಾಗದ ಒಂದು ಸಾಲು ಬರುತ್ತದೆ. ಆ ಸಾಲು ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಆಗಿಹೋದದ್ದರ ನೋವಿನಲ್ಲಿರುವವರಿಗೆ ಈ ಪುಟ ದೂರಿನ ಪುಟವಾಗುತ್ತದೆ. “ಎಷ್ಟರವರೆಗೆ?” ಎಂದು ಕೇಳುವ 13ನೆಯ ಕೀರ್ತನೆಯನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಅದೂ ಹಗುರವಾಯಿತೆನಿಸಿದರೆ 88ನೆಯದನ್ನು ತೆಗೆಯಿರಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆ ಎಂದೇ ಸತ್ಯವೇದದಲ್ಲಿ ಉಳಿದಿದೆ.

ಎಚ್ಚರಿಕೆಯ ಗುರುತು: ಪ್ರಾರ್ಥಿಸುವಾಗ ನಿಮ್ಮ ಭಾಷೆ ಇದ್ದಕ್ಕಿದ್ದಂತೆ ಗ್ರಾಂಥಿಕವಾಗಿ, ಮನೆಯಲ್ಲಿ ಎಂದೂ ಆಡದ ಪದಗಳೇ ಬರತೊಡಗಿದರೆ, ನಿಲ್ಲಿಸಿ. ಅಮ್ಮನ ಜೊತೆ ಆಡುವ ಕನ್ನಡದಲ್ಲಿ, ಇಲ್ಲವೇ ತುಳುವಿನಲ್ಲಿ, ಕೊಂಕಣಿಯಲ್ಲಿ ಮತ್ತೆ ಶುರುಮಾಡಿ. ಗೆತ್ಸೇಮನೆಯಲ್ಲಿ ಬಂದ ಪದ “ಅಬ್ಬ”, ಅಂದರೆ ಅರಮಾಯಿಕ್ ಭಾಷೆಯಲ್ಲಿ ಅಪ್ಪ. ಅದು ಮನೆಯ ಭಾಷೆಯದು.

ಹಂತ 4: “ಆದರೂ” ಎಂಬಲ್ಲಿ ನಿಲ್ಲಿ

ಆಸೆಯನ್ನು ಹೇಳಿಯಾದ ಮೇಲೆ ಅದನ್ನು ತೆರೆದ ಕೈಯಲ್ಲಿ ಹಿಡಿಯುವುದು ಈ ಹಂತದ ಕೆಲಸ. ಆಸೆ ಸತ್ತುಹೋಗಬೇಕಾಗಿಲ್ಲ. ಎರಡರಲ್ಲಿ ಯಾವ ಉತ್ತರ ಬಂದರೂ ನಡೆಯಲು ಸಿದ್ಧವಿದ್ದೇನೆಯೇ ಎಂದು ನೋಡಿಕೊಳ್ಳಬೇಕು.

ಯೆರೆಮೀಯನ 42ನೆಯ ಅಧ್ಯಾಯ ಇದಕ್ಕೆ ಒಳ್ಳೆಯ ಕನ್ನಡಿ. ಯೆರೂಸಲೇಮು ಬಿದ್ದ ಮೇಲೆ ಉಳಿದ ಜನ ಪ್ರವಾದಿಯ ಬಳಿ ಬಂದು, ದೇವರ ಚಿತ್ತವನ್ನು ಕೇಳಿ ತಿಳಿಸು, ಅದು ಹಿತವಾಗಿರಲಿ ಅಹಿತವಾಗಿರಲಿ ಪಾಲಿಸುತ್ತೇವೆ ಎಂದು ಮಾತು ಕೊಟ್ಟರು. ಹತ್ತು ದಿನಗಳ ಮೇಲೆ ಉತ್ತರ ಬಂತು: ಈ ದೇಶದಲ್ಲೇ ಉಳಿಯಿರಿ, ಐಗುಪ್ತಕ್ಕೆ ಹೋಗಬೇಡಿ. ಕೂಡಲೇ ಅವರು, ನೀನು ಸುಳ್ಳು ಹೇಳುತ್ತೀ ಎಂದು ಪ್ರವಾದಿಯ ಮೇಲೆಯೇ ತಿರುಗಿಬಿದ್ದರು. ಒಂದು ಪುಟ ಹಿಂದೆ ಹೋಗಿ 41ನೆಯ ಅಧ್ಯಾಯದ ಕೊನೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ: ಕೇಳುವ ಮೊದಲೇ ಅವರು ಐಗುಪ್ತಕ್ಕೆ ಹೊರಟು ಬೇತ್ಲೆಹೇಮಿನ ಹತ್ತಿರ ಬೀಡುಬಿಟ್ಟಿದ್ದರು.

ಅವರನ್ನು ದೂರಲು ನನಗೆ ಅಧಿಕಾರವಿಲ್ಲ. ನಾನೂ ಒಮ್ಮೆ ವರ್ಗಾವಣೆಯ ಅರ್ಜಿಗೆ ಸಹಿ ಹಾಕಿ ಕಚೇರಿಯಲ್ಲಿ ಕೊಟ್ಟು ಬಂದ ಮರುದಿನ, ಕರ್ತನೇ ನಿನ್ನ ಚಿತ್ತವನ್ನು ತಿಳಿಸು ಎಂದು ಉಪವಾಸ ಕುಳಿತಿದ್ದೆ. ಅದು ಪ್ರಾರ್ಥನೆಯಾಗಿರಲಿಲ್ಲ, ಸಹಿಗೆ ಮೊಹರು ಹುಡುಕುವ ಕೆಲಸವಾಗಿತ್ತು. ವರ್ಗಾವಣೆ ಸಿಗದಾಗ ಎರಡು ತಿಂಗಳು ಸತ್ಯವೇದ ತೆರೆಯಲಿಲ್ಲ ಎಂಬುದರಿಂದ ಅದು ಗೊತ್ತಾಯಿತು.

ಹಾಗಾಗಿ ಒಂದು ಪರೀಕ್ಷೆ ಮಾಡಿಕೊಳ್ಳಿ. ಎರಡು ಉತ್ತರಗಳನ್ನೂ ಕಾಗದದಲ್ಲಿ ಬರೆಯಿರಿ: ಕೆಲಸ ಒಪ್ಪಿಕೊಂಡ ಪತ್ರ ಒಂದು, ಬೇಡವೆಂದ ಪತ್ರ ಒಂದು. ಯಾವುದನ್ನೂ ಕಳುಹಿಸಬೇಡಿ. ಎರಡು ದಿನ ಹೋಗುವುದೇ ನಿಶ್ಚಯವೆಂಬಂತೆ ಪ್ರಾರ್ಥಿಸಿ, ಇನ್ನೆರಡು ದಿನ ಉಳಿಯುವುದೇ ನಿಶ್ಚಯವೆಂಬಂತೆ ಪ್ರಾರ್ಥಿಸಿ, ದಿನದ ಕೊನೆಗೆ ಮನಸ್ಸು ಹೇಗಿತ್ತೆಂದು ಎರಡು ಸಾಲು ಬರೆದಿಡಿ. ಎರಡರಲ್ಲೊಂದು ಪತ್ರವನ್ನು ಬರೆಯಲು ಕೈಯೇ ಏಳದಿದ್ದರೆ ನೀವು ಈಗಾಗಲೇ ಬೇತ್ಲೆಹೇಮಿನ ಹತ್ತಿರ ಬೀಡುಬಿಟ್ಟಿದ್ದೀರಿ. ಅದು ನಾಚಿಕೆಯ ವಿಷಯವಲ್ಲ. ಮೂರನೆಯ ಪುಟಕ್ಕೆ ಹಿಂತಿರುಗಿ, “ನನಗೆ ಬೇರೆ ಉತ್ತರ ಕೇಳುವ ಮನಸ್ಸಿಲ್ಲ” ಎಂದು ಅದನ್ನೂ ದೇವರಿಗೆ ಹೇಳಿ. ಮನಸ್ಸಿಲ್ಲ ಎಂದು ಒಪ್ಪಿಕೊಂಡವರಿಗೆ ದೇವರು ಮನಸ್ಸು ಕೊಡಬಲ್ಲರು. ಇದೆ ಎಂದು ನಟಿಸುವವರಿಗೆ ದಾರಿ ತೋರಿಸುವುದು ಕಷ್ಟ.

ಹಂತ 5: ವಿವೇಚಿಸಿ, ಗಡುವಿಟ್ಟುಕೊಂಡು

ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಗುರುತಿಸಿ. ಕೆಲಸ ಕೊಡುವವರು ಎರಡು ವಾರ ಕೊಟ್ಟಿದ್ದರೆ ಹತ್ತು ದಿನ ಇಟ್ಟುಕೊಳ್ಳಿ. ಗಡುವಿಲ್ಲದ ವಿವೇಚನೆ ಭಯಕ್ಕೆ ಭಕ್ತಿಯ ಬಟ್ಟೆ ತೊಡಿಸಿದಂತೆ.

ನೋಡಬೇಕಾದ ಸಂಗತಿಗಳಿಗೂ ಒಂದು ಕ್ರಮವಿದೆ. ಮೊದಲು ವಾಕ್ಯ: ಈ ದಾರಿ ಸತ್ಯವೇದದ ಯಾವುದಾದರೂ ಸ್ಪಷ್ಟ ಮಾತಿಗೆ ವಿರುದ್ಧವೇ? ಎರಡನೆಯದು ವಾಸ್ತವ. ಏಜೆನ್ಸಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ, ಕರಾರು ಪತ್ರದಲ್ಲಿ ಸಂಬಳ ಎಷ್ಟೆಂದು ಬರೆದಿದೆ, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ರಜೆ ಎಷ್ಟು ತಿಂಗಳಿಗೊಮ್ಮೆ. ಇವನ್ನು ವಿಚಾರಿಸದೆ ಪ್ರಾರ್ಥಿಸುವುದನ್ನು ನಾನು ವಿಶ್ವಾಸವೆನ್ನುವುದಿಲ್ಲ, ಸೋಮಾರಿತನವೆನ್ನುತ್ತೇನೆ. ಮೂರನೆಯದು ನೀವು ಆರಿಸಿಕೊಂಡ ಆ ಇಬ್ಬರ ಸಲಹೆ. ಒಳಗಿನ ಸಮಾಧಾನ ಕೊನೆಯದು. ನಮ್ಮಲ್ಲಿ ಅದನ್ನೇ ಮೊದಲು ಇಡುತ್ತಾರೆ. “ನನಗೆ ಸಮಾಧಾನ ಸಿಕ್ಕಿತು” ಎಂದ ಮೇಲೆ ಯಾರೂ ಎದುರಾಡುವಂತಿಲ್ಲ. ದೇವರ ಆಜ್ಞೆಯಿಂದ ತಪ್ಪಿಸಿಕೊಂಡು ಓಡುತ್ತಿದ್ದ ಪ್ರವಾದಿ ಯೋನನು ತಾರ್ಷೀಷಿನ ಹಡಗಿನಲ್ಲಿ ಗಾಢನಿದ್ರೆ ಮಾಡುತ್ತಿದ್ದ ಎಂಬುದನ್ನು ನೆನಪಿಡಿ. ತಪ್ಪು ದಿಕ್ಕಿನಲ್ಲಿ ಹೋಗುವವರಿಗೂ ಚೆನ್ನಾಗಿ ನಿದ್ದೆ ಬರುತ್ತದೆ.

ಈ ಹಂತದಲ್ಲಿ ಜನ ಹಿಡಿಯುವ ಅಡ್ಡದಾರಿಗಳು ಮುಖ್ಯವಾಗಿ ಎರಡು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿಕೊಂಡ ವಾಗ್ದಾನದ ಕಾರ್ಡನ್ನು ವರ್ಷವಿಡೀ ಉತ್ತರವೆಂದು ಓದುವುದು ಒಂದು. ಆ ಕಾರ್ಡು ಧೈರ್ಯ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ “ನಿನ್ನ ಗಡಿಗಳನ್ನು ವಿಸ್ತರಿಸುವೆನು” ಎಂಬ ವಚನ ಕೈಗೆ ಬಂತೆಂದು ಸೈಟು ಕೊಳ್ಳುವವರಿಗೆ, ಅದೇ ತಟ್ಟೆಯಲ್ಲಿ ಉಳಿದವರಿಗೆ ಬೇರೆ ಕಾರ್ಡು ಬಂದದ್ದು ಕಾಣುವುದಿಲ್ಲ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಡುವುದೂ ಇದೇ ಜಾತಿಯದು.

ಇನ್ನೊಂದು ಗಿದ್ಯೋನನ ಉಣ್ಣೆ: ಅವನು ಉಣ್ಣೆಯನ್ನು ಕಣದಲ್ಲಿ ಹರಡಿ, ಮಂಜು ಅದರ ಮೇಲೆ ಮಾತ್ರ ಬೀಳಲಿ ಎಂದು ದೇವರನ್ನು ಗುರುತು ಕೇಳಿದ್ದನು. “ನಾಳೆ ಹತ್ತು ಗಂಟೆಯೊಳಗೆ ಫೋನ್ ಬಂದರೆ ಹೋಗುತ್ತೇನೆ” ಎಂದು ಗುರುತು ಕೇಳುವವರು ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ಪೂರ್ತಿ ಓದಬೇಕು. ಗಿದ್ಯೋನನಿಗೆ ದೇವರ ಚಿತ್ತ ಏನೆಂಬುದು ಮೊದಲೇ ತಿಳಿದಿತ್ತು. ನೀನು ಹೇಳಿದಂತೆ ಎಂದು ಅವನ ಬಾಯಲ್ಲೇ ಬರುತ್ತದೆ. ಉಣ್ಣೆಯನ್ನು ಹರಡಿದ್ದು ಅಂಜಿಕೆಯಿಂದ. ದೇವರು ಅವನ ಅಂಜಿಕೆಯನ್ನು ಸಹಿಸಿಕೊಂಡರು. ಅದನ್ನೊಂದು ವಿಧಾನವಾಗಿ ನಮಗೆ ಕಲಿಸಲಿಲ್ಲ.

ಬಾಗಿಲು ಮುಚ್ಚಿತೆಂದರೆ ದೇವರ ಚಿತ್ತವಲ್ಲ, ತೆರೆಯಿತೆಂದರೆ ದೇವರ ಚಿತ್ತ ಎಂಬ ಲೆಕ್ಕವೂ ಅಷ್ಟು ಸುಲಭವಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನ ಗುಂಪಿಗೆ ಆಸ್ಯ ಸೀಮೆಯಲ್ಲಿ ಸುವಾರ್ತೆ ಸಾರಲು ತಡೆಯಾಯಿತು, ಬಿಥೂನ್ಯಕ್ಕೆ ಹೋಗಲೂ ತಡೆಯಾಯಿತು; ಆಮೇಲೆ ತ್ರೋವ ಪಟ್ಟಣದಲ್ಲಿ ಮಕೆದೋನ್ಯದವನ ದರ್ಶನ. ದರ್ಶನ ಕಂಡದ್ದು ಒಬ್ಬನಿಗೆ. ಅದರ ಅರ್ಥವನ್ನು ನಿಶ್ಚಯಿಸಿಕೊಂಡದ್ದು “ನಾವು” ಎಂದು ಬರೆದಿದೆ. ಅಲ್ಲಿಗೆ ಹೋದ ಮೇಲೆ ಸಿಕ್ಕಿದ್ದಾದರೂ ಏನು? ಫಿಲಿಪ್ಪಿಯಲ್ಲಿ ಬೆತ್ತದ ಪೆಟ್ಟು, ಕಾಲಿಗೆ ಕೋಳ. ಸರಿಯಾದ ದಾರಿಯಲ್ಲೂ ಪೆಟ್ಟು ಬೀಳುತ್ತದೆ.

ಗಡುವಿನ ದಿನ ಬಂದರೂ ಏನೂ ಸ್ಪಷ್ಟವಾಗದಿದ್ದರೆ? ಬಹಳ ಸಲ ಹಾಗೇ ಆಗುತ್ತದೆ. ವಾಕ್ಯಕ್ಕೆ ವಿರುದ್ಧವಲ್ಲದ, ವಿಚಾರಿಸಿ ನೋಡಿದ, ಸಲಹೆ ಕೇಳಿದ ಎರಡು ದಾರಿಗಳು ಉಳಿದರೆ, ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ. ವಿಧವೆಯು ಕರ್ತನಲ್ಲಿದ್ದವರಲ್ಲಿ ತನಗೆ ಇಷ್ಟವಾದವನನ್ನು ಮದುವೆಯಾಗಬಹುದು ಎಂದು ಪೌಲನು ಕೊರಿಂಥದವರಿಗೆ ಬರೆದಾಗ, ಆ ಸ್ವಾತಂತ್ರ್ಯವನ್ನೇ ಕೊಟ್ಟನು. ಯಾಕೋಬನ ಪತ್ರಿಕೆ ಹೇಳಿಕೊಡುವಂತೆ “ಕರ್ತನ ಚಿತ್ತವಿದ್ದರೆ” ಎಂದು ಸೇರಿಸಿ ಮುಂದೆ ಹೋಗಿ.

ಹಂತ 6: ಮೂರು ಸಲ ಹೋಗಿ ಬನ್ನಿ

ಒಮ್ಮೆ ಒಪ್ಪಿಸಿಕೊಟ್ಟದ್ದು ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಕೈಗೆ ಬಂದಿರುತ್ತದೆ. ಇದು ಸೋಲಿನ ಗುರುತಲ್ಲ. ಯೇಸುಸ್ವಾಮಿ ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದು ಮತ್ತಾಯನು ಬರೆಯುತ್ತಾನೆ. ಪೌಲನೂ ಶೂಲದಂತೆ ತನ್ನ ದೇಹವನ್ನು ಚುಚ್ಚುತ್ತಿದ್ದ ಬಾಧೆ ಹೋಗಲೆಂದು ಮೂರು ಸಲ ಬೇಡಿಕೊಂಡನು. ಹೊಸ ಪದಗಳನ್ನು ಹುಡುಕುವ ಅಗತ್ಯವಿಲ್ಲ. ಮೂರನೆಯ ಪುಟವನ್ನು ತೆಗೆದು, ಬೇಕಾದದ್ದನ್ನು ಮತ್ತೆ ಓದಿ, ಮತ್ತೆ “ಆದರೂ” ಎನ್ನಿ.

ನಡುವೆ ಆ ಇಬ್ಬರ ಬಳಿ ಹೋಗಿ. ಅವರು ನಿದ್ದೆ ಹೋಗಿರಬಹುದು. ಪೇತ್ರ, ಯಾಕೋಬ, ಯೋಹಾನರೂ ಹೋಗಿದ್ದರು. ಕೋಪಿಸಿಕೊಂಡು ಒಬ್ಬರೇ ಆಗಿಬಿಡಬೇಡಿ.

ಈ ಹಂತದ ನಿಯಮ ಒಂದೇ, ಮತ್ತು ಅದು 16ನೆಯ ಶತಮಾನದ ಕಥೊಲಿಕ ಸಂತ ಇಗ್ನೇಷಿಯಸ್ ಲೊಯೋಲಾ ಅವರದು: ಮನಸ್ಸು ಬಾಡಿ ಕತ್ತಲೆ ಕವಿದ ಹೊತ್ತಿನಲ್ಲಿ, ಬೆಳಕಿನ ಹೊತ್ತಿನಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬೇಡಿ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಬೆಳೆದ ನನ್ನಂಥವರಿಗೆ ಇದು ತಡವಾಗಿ ಸಿಕ್ಕಿತು. ರಾತ್ರಿ ಎರಡು ಗಂಟೆಗೆ ಕಳುಹಿಸಿದ ರಾಜೀನಾಮೆಗಳು, ಮುರಿದ ಮಾತುಕತೆಗಳು ಎಷ್ಟು ತಪ್ಪುತ್ತಿದ್ದವೋ.

ಅಳತೆಗೋಲಿನ ಬಗ್ಗೆಯೂ ಒಂದು ಮಾತು. ನೋವು ಕಡಿಮೆಯಾಯಿತೇ ಎಂದು ಅಳೆಯಬೇಡಿ. ಲೂಕನ ಪ್ರಕಾರ ದೇವದೂತನು ಬಂದು ಬಲಪಡಿಸಿದ ಮೇಲೆಯೇ ಯೇಸುಸ್ವಾಮಿ ಇನ್ನೂ ಆಸಕ್ತಿಯಿಂದ ಪ್ರಾರ್ಥಿಸಿದರು, ಬೆವರು ರಕ್ತದ ಹನಿಗಳಂತೆ ಬಿತ್ತು. ಬೆಳಿಗ್ಗೆ ಎದ್ದು ಆ ದಿನದ ಕೆಲಸ ಮಾಡಲು ಆಯಿತೇ, ಮೊನ್ನೆ ಮಾತಾಡಿಸದವರನ್ನು ಇಂದು ಮಾತಾಡಿಸಿದೆನೇ ಎಂದು ನೋಡಿ. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಪ್ರಾರ್ಥನೆಯ ಕೊರತೆಯಲ್ಲ. ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ವೈದ್ಯರನ್ನು ಕಾಣಿರಿ.

ಹಂತ 7: ಎದ್ದು ನಡೆಯಿರಿ

“ಏಳಿರಿ, ಹೋಗೋಣ” ಎಂಬುದು ತೋಟದ ಕೊನೆಯ ಮಾತು. ಒಪ್ಪಿಸಿಕೊಟ್ಟ ಮೇಲೆ ಕಾಲು ಎತ್ತದಿದ್ದರೆ ಹಿಂದಿನ ಆರು ಹಂತಗಳು ನೋಟ್‌ಬುಕ್ಕಿನಲ್ಲೇ ಉಳಿಯುತ್ತವೆ.

ತೀರ್ಮಾನದ ದಿನವೇ, ಹಿಂದಕ್ಕೆ ತೆಗೆದುಕೊಳ್ಳಲಾಗದ ಒಂದು ಚಿಕ್ಕ ಹೆಜ್ಜೆ ಇಡಿ. ಎರಡು ಪತ್ರಗಳಲ್ಲಿ ಒಂದನ್ನು ಕಳುಹಿಸಿ, ಇನ್ನೊಂದನ್ನು ಹರಿದುಹಾಕಿ. ಆಸ್ತಿಯ ವಿಷಯವಾದರೆ ತಂಗಿಗೆ ಫೋನ್ ಮಾಡಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಿನ ಹೇಳಿ. ಆಗಿಹೋದದ್ದರ ವಿಷಯದಲ್ಲಿ ದಾವೀದನನ್ನು ನೋಡಿ: ಕಾಯಿಲೆಬಿದ್ದ ಮಗು ಬದುಕಿರುವವರೆಗೆ ಏಳು ದಿನ ನೆಲದ ಮೇಲೆ ಬಿದ್ದು ಬೇಡಿದನು, ಸತ್ತಿತೆಂದು ತಿಳಿದ ಮೇಲೆ ಎದ್ದು ಸ್ನಾನಮಾಡಿ, ಬಟ್ಟೆ ಬದಲಿಸಿ, ಆರಾಧಿಸಿ, ಮನೆಗೆ ಬಂದು ಊಟ ಕೇಳಿದನು. ಸೇವಕರಿಗೆ ಅದು ಅರ್ಥವಾಗಲಿಲ್ಲ. ನಿಮ್ಮ ಮನೆಯವರಿಗೂ ಆಗದಿರಬಹುದು. ಆದರೆ ಏಳು ದಿನ ಬೇಡಿದವನು ಅವನು ಎಂಬುದನ್ನು ಮರೆತು, ಸತ್ತ ಮರುದಿನವೇ ಬೇರೆಯವರಿಗೆ “ಎದ್ದು ಊಟಮಾಡಿ” ಎಂದು ಅವನ ಉದಾಹರಣೆ ಕೊಡಬೇಡಿ.

ಹೆಜ್ಜೆ ಇಟ್ಟ ಮೇಲೆ ಫಲ ಕೆಟ್ಟದ್ದಾಗಿ ಕಂಡರೆ “ದೇವರ ಚಿತ್ತ ತಪ್ಪಿಸಿಕೊಂಡೆ” ಎಂದು ಆರು ತಿಂಗಳೊಳಗೆ ತೀರ್ಮಾನಿಸಬೇಡಿ. ನಮ್ಮ ನರ್ಸ್ ಕುವೈತಿಗೆ ಹೋಗಿ ಮೊದಲ ಚಳಿಗಾಲದಲ್ಲಿ ಅಳಬಹುದು. ಇಲ್ಲೇ ಉಳಿದು, ಗೆಳತಿಯರ ಫೋಟೋ ನೋಡಿ ಅಳಬಹುದು. ಅಂಥ ಸಂಜೆ ನೋಟ್‌ಬುಕ್ ತೆಗೆದು ಹೊಸ ದಿನಾಂಕ ಹಾಕಲಿ. ಮೊದಲ ಪುಟದಿಂದ ಮತ್ತೆ ಶುರುಮಾಡಬೇಕಾಗಿಲ್ಲ. ಮೂರನೆಯ ಹಂತಕ್ಕೆ ಹೋಗಿ, “ತಂದೆಯೇ, ನನಗೆ ಬೇಕಾದದ್ದು” ಎಂದು ಅಲ್ಲಿಂದ ಬರೆಯಲಿ.